ನಾನು ಓದದೆ ಸಹಿ ಹಾಕಿದ ಒಂದೂವರೆ ಪುಟ

ನಿವೃತ್ತಳಾಗಿ ಮಂಗಳೂರಿಗೆ ಬಂದು ಕೂತ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಬಗೆಯವು. ಯಾರದೋ ಮಗನಿಗೆ, ಇನ್ಯಾರದೋ ಸೊಸೆಗೆ ಇಲ್ಲಿನ ಆಫೀಸಿನಿಂದ ದುಬೈಗೋ ಅಬುಧಾಬಿಗೋ ವರ್ಗವಾಗಿರುತ್ತದೆ. ಕೆಲಸ ಅಕೌಂಟ್ಸಿನದು. ನಾನು ಅದೇ ಕೆಲಸದಲ್ಲಿ ಅಲ್ಲಿ ಸವೆದು ಬಂದವಳೆಂದು ಯಾರೋ ನಂಬರು ಕೊಟ್ಟಿರುತ್ತಾರೆ.

"ಆಂಟಿ, ಎಷ್ಟು ಕೇಳ್ಬಹುದು?"

"ಎಷ್ಟು ಅಂತ ಮತ್ತೆ ಹೇಳ್ತೇನೆ. ಪತ್ರದಲ್ಲಿ ಏನೇನು ಬರ್ದಿದ್ದಾರೆ, ಅದನ್ನು ಓದು."

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ, "ಪೂರ್ತಿ ಓದ್ಲಿಲ್ಲ ಆಂಟಿ. ಟೋಟಲ್ ಒಳ್ಳೇದುಂಟು. ಬಾಸ್ ನಮ್ಮ ಊರಿನವರೇ, ಉಳಿದದ್ದು ಅವರು ನೋಡ್ಕೊಳ್ತಾರೆ."

ಅಲ್ಲಿಗೆ ನನ್ನ ಮಂಡೆಬಿಸಿ ಶುರು. ಎಂ.ಕಾಂ. ಓದಿದ ಮಕ್ಕಳು. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೆ ಊಟ ಬಿಟ್ಟು ಹುಡುಕುವವರು. ತಮ್ಮದೇ ಬದುಕಿನ ಕಾಗದವನ್ನು ಮಾತ್ರ ಕೆಳಗಿನ ಒಂದು ಸಾಲು ನೋಡಿ ಮಡಚಿಡುತ್ತಾರೆ. ಬೈಯಬೇಕೆನಿಸುತ್ತದೆ. ಬೈಯುವ ಹಕ್ಕು ನನಗಿಲ್ಲ. ಏಕೆಂದರೆ ಇವರೆಲ್ಲರಿಗಿಂತ ದೊಡ್ಡ ಪೆದ್ದಿ ನಾನೇ.

ನಾನು ಹತ್ತೊಂಬತ್ತು ವರ್ಷ ಅಬುಧಾಬಿಯ ಮುಸಫ್ಫಾದಲ್ಲಿ, ತೈಲಬಾವಿಗಳಿಗೆ ಪೈಪು, ವಾಲ್ವು ಒದಗಿಸುವ ಒಂದು ಕಂಪನಿಯ ಹಣಕಾಸು ವಿಭಾಗದಲ್ಲಿ ದುಡಿದೆ. ಯಾವಾಗ ಸೀನಿಯರ್ ಆದೆ, ಯಾವಾಗ ಮ್ಯಾನೇಜರ್ ಆದೆ ಎಂಬುದೆಲ್ಲ ಯಾರಿಗೂ ಬೇಡದ ಕತೆ. ಹೇಳಬೇಕಾದದ್ದು ಮೊದಲ ನಾಲ್ಕು ವರ್ಷದ್ದು. ಆ ನಾಲ್ಕು ವರ್ಷ ನಾನು ಕಂಪನಿಯ ಜೊತೆ ಒಂದೇ ವಿಷಯಕ್ಕೆ ಗುದ್ದಾಡಿದೆ: ಊರಲ್ಲಿ ಬಿಟ್ಟುಬಂದ ಮಗಳನ್ನು ನನ್ನ ಹತ್ತಿರ ಕರೆಸಿಕೊಳ್ಳಬೇಕು. ಹೊರಡುವ ಮೊದಲು ಹತ್ತು ನಿಮಿಷ ಬಾಯಿ ತೆರೆದಿದ್ದರೆ ಆ ಗುದ್ದಾಟವೇ ಇರುತ್ತಿರಲಿಲ್ಲ.

ಮಂಗಳೂರಿನಲ್ಲಿ ಆ ಕಂಪನಿಯ ಒಂದು ಸಣ್ಣ ಆಫೀಸಿತ್ತು. ಅಬುಧಾಬಿಯ ಬಿಲ್ಲುಗಳನ್ನೆಲ್ಲ ನಾವು ಇಲ್ಲಿ ಕೂತು ಕಂಪ್ಯೂಟರಿಗೆ ಹತ್ತಿಸುತ್ತಿದ್ದೆವು. ಅಲ್ಲಿನ ಹಣಕಾಸು ವಿಭಾಗದ ಮುಖ್ಯಸ್ಥರು ಸದಾನಂದ ಸರ್, ಮೂಲ್ಕಿಯವರು. ರಜೆಯಲ್ಲಿ ಊರಿಗೆ ಬಂದಾಗ ಒಮ್ಮೆ ನಮ್ಮ ಆಫೀಸಿಗೆ ಬಂದು, "ವಿಜಯಾ, ಅಲ್ಲಿಗೆ ಒಬ್ಬರು ಬೇಕು. ನಿಮ್ಮನ್ನೇ ಕರ್ಕೊಂಡು ಹೋಗುವ ಅಂತ ಉಂಟು. ಮನೆಯವರ ಹತ್ರ ನಾನೇ ಮಾತಾಡ್ತೇನೆ," ಎಂದರು.

ನೋಡಿ, ಎಡವಟ್ಟು ಅಲ್ಲಿಂದಲೇ. ಸಂಬಳದ ಮಾತು ಆಫೀಸಿನಲ್ಲಿ ಆಗಬೇಕು. ನಮ್ಮಲ್ಲಿ ಅದು ಮನೆಗೆ ಬಂತು. ಆದಿತ್ಯವಾರ ಬೆಳಿಗ್ಗೆ ಅವರು ಹಣ್ಣುಹಂಪಲು ಹಿಡಿದುಕೊಂಡು ಬಂದರು. ಅತ್ತೆ ನೀರುದೋಸೆ ಹುಯ್ದು ಬಡಿಸಿದರು. ನನ್ನ ಗಂಡ ಸತೀಶ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದವರು. ಬಂದ ಅತಿಥಿಯ ಜೊತೆ ಚೌಕಾಸಿ ಮಾಡುವ ಜನ ಅಲ್ಲ. ಮಗಳು ಅನುಷಾ ಆಗ ಮೂರನೇ ಕ್ಲಾಸು. ಸರ್ ಅವಳನ್ನು ಹತ್ತಿರ ಕೂರಿಸಿಕೊಂಡು ಮಗ್ಗಿ ಕೇಳಿದರು. ದೋಸೆ ತಿಂದು ಕೈ ತೊಳೆದ ಮೇಲೆ ದಿರ್ಹಮಿನಲ್ಲಿ ಒಂದು ಸಂಖ್ಯೆ ಹೇಳಿದರು.

ಅತ್ತೆ ಅದನ್ನು ಅಲ್ಲೇ ರೂಪಾಯಿಗೆ ಗುಣಿಸಿದರು. ಸತೀಶರೂ ಗುಣಿಸಿದರು. ನಾನೂ ಗುಣಿಸಿದೆ. ಮೂವರಿಗೂ ಉಸಿರು ಕಟ್ಟಿತು. ಗಲ್ಫಿಗೆ ಹೋಗುವವರೆಲ್ಲರಿಗೂ ಹಿಡಿಯುವ ಕಾಯಿಲೆ ಇದು. ಸಿಗುವುದನ್ನು ರೂಪಾಯಿಗೆ ಗುಣಿಸುತ್ತಾರೆ, ಅಲ್ಲಿನ ಬಾಡಿಗೆಯನ್ನು, ಶಾಲೆಯ ಫೀಸನ್ನು ಯಾರೂ ಗುಣಿಸುವುದಿಲ್ಲ.

"ಹೆಚ್ಚುಕಮ್ಮಿ ಎಂತಾದ್ರೂ ಇದ್ರೆ ಹೇಳಿ ವಿಜಯಾ," ಎಂದರು ಸರ್.

ಹೇಳಬೇಕಾದದ್ದು ಬೇಕಾದಷ್ಟಿತ್ತು. ಮನೆ ಯಾರು ಕೊಡುತ್ತಾರೆ? ಮಗಳ ಶಾಲೆ? ಅವಳ ವೀಸಾ? ಆದರೆ ಮನೆಗೆ ಬಂದು ಉಂಡ ಹಿರಿಯರ ಎದುರು, ಅತ್ತೆಯ ಎದುರು, ಇದು ಸಾಲದು ಎಂದು ಹೇಗೆ ಹೇಳುವುದು? ನಾನು ಲಕ್ಷಣವಾಗಿ, "ನೀವು ಹೇಳಿದ ಹಾಗೆ ಸರ್," ಎಂದೆ.

"ಮಗು, ಗಂಡ ಎಲ್ಲ ಮತ್ತೆ ಬರ್ಲಿ. ಅದೆಲ್ಲ ನಾನು ನೋಡ್ಕೊಳ್ತೇನೆ," ಎಂದರು. ಸತೀಶರು ಕೆಲಸ ಬಿಟ್ಟು ಮಗಳ ಜೊತೆ ಬರುವುದು, ಅಲ್ಲೇ ಏನಾದರೂ ಹುಡುಕುವುದು ಎಂದು ನಾವು ಆ ಸಂಜೆಯೇ ತೀರ್ಮಾನ ಮಾಡಿಯೂ ಆಯಿತು. ಅನುಷಾ ತನ್ನ ಕ್ಲಾಸಿನ ಎಲ್ಲರಿಗೂ ಟಾಟಾ ಹೇಳಿ ಬಂದಳು.

ವಾರ ಬಿಟ್ಟು ಪತ್ರ ಬಂತು. ಒಂದೂವರೆ ಪುಟ. ನಾನು ಸಂಖ್ಯೆ ನೋಡಿದೆ, ಸರ್ ಹೇಳಿದ್ದೇ ಇತ್ತು. ಸಹಿ ಹಾಕಿದೆ. ಆಫೀಸಿನ ಚಹಾದ ಬಿಲ್ಲಿಗೆ ಅಂಗಡಿಯ ಸೀಲಿಲ್ಲ ಎಂದು ಮೂರು ಸಲ ವಾಪಸು ಕಳಿಸುತ್ತಿದ್ದ ಹೆಂಗಸು ನಾನು.

ಮುಸಫ್ಫಾಕ್ಕೆ ಇಳಿದ ಮೂರನೇ ವಾರ ಪಿ.ಆರ್.ಓ. ಹತ್ತಿರ ಹೋದೆ. ಅಲ್ಲಿ ಪಿ.ಆರ್.ಓ. ಅಂದರೆ ಕಂಪನಿಯವರ ವೀಸಾ ಮುಂತಾದ ಸರ್ಕಾರಿ ಕೆಲಸಕ್ಕೆ ಓಡಾಡುವ ವ್ಯಕ್ತಿ. ನಮ್ಮಲ್ಲಿ ಆ ಕೆಲಸದಲ್ಲಿದ್ದವರು ಭಟ್ಕಳದ ಇಕ್ಬಾಲ್ ಭಾಯ್. ಅವರ ಮನೆತನ ವ್ಯಾಪಾರದ್ದು. ಅಣ್ಣತಮ್ಮಂದಿರೆಲ್ಲ ದುಬೈಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದರೆ, ಇವರೊಬ್ಬರು ಫೈಲು ಹಿಡಿದು ಕೌಂಟರುಗಳ ಮುಂದೆ ನಿಂತು ತಲೆ ನರೆಸಿಕೊಂಡಿದ್ದರು.

"ಭಾಯ್, ಮಗಳ ವೀಸಾಕ್ಕೆ ಎಂತೆಲ್ಲ ಕೊಡ್ಬೇಕು?"

ಅವರು ನನ್ನ ಫೈಲು ತೆಗೆದು, ನಾನು ಓದದ ಪತ್ರವನ್ನು ಮೇಲಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕಾ, ಇದ್ರಲ್ಲಿ ನೀವು ಸಿಂಗಲ್ ಸ್ಟೇಟಸ್."

"ಅಂದ್ರೆ?"

"ಅಂದ್ರೆ ನಿಮಗೆ ರೂಮಲ್ಲಿ ಒಂದು ಬೆಡ್ಡು. ವರ್ಷಕ್ಕೆ ನಿಮ್ಮೊಬ್ಬರ ಟಿಕೆಟ್ಟು. ಮನೆ ಇಲ್ಲ, ಸ್ಕೂಲ್ ಫೀಸ್ ಇಲ್ಲ. ಫ್ಯಾಮಿಲಿ ವೀಸಾಕ್ಕೆ ಕಂಪನಿ ಲೆಟರ್ ಕೊಡುದಿಲ್ಲ. ಲೆಟರ್ ಇಲ್ಲದಿದ್ರೆ ನಾನು ಕೌಂಟರಿಗೆ ಹೋಗಿ ಎಂತ ಕೊಡ್ಲಿ?"

ಮದುವೆಯಾಗಿ ಹತ್ತು ವರ್ಷವಾದವಳು ಕಾಗದದಲ್ಲಿ ಒಂಟಿಯಾಗಿದ್ದೆ. ಅಷ್ಟೇ ಅಲ್ಲ. ಸರ್ ಹೇಳಿದ ಸಂಖ್ಯೆಯಲ್ಲಿ ಬೇಸಿಕ್ ಎಂಬುದು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದು ಆ ಭತ್ಯೆ, ಈ ಭತ್ಯೆ. ಕೆಲಸ ಬಿಡುವ ದಿನ ಕೊಡುವ ಗ್ರ್ಯಾಚುಯಿಟಿಗೆ ಲೆಕ್ಕ ಹಿಡಿಯುವುದು ಬೇಸಿಕ್ಕನ್ನು ಮಾತ್ರ. ಇದು ನನಗೆ ಗೊತ್ತಿಲ್ಲದ್ದಲ್ಲ. ಮಂಗಳೂರಿನಲ್ಲಿ ಕೂತು ಇದೇ ಕಂಪನಿಯ ನೂರಾರು ಜನರ ಗ್ರ್ಯಾಚುಯಿಟಿ ಲೆಕ್ಕ ಹಾಕಿದವಳು ನಾನೇ.

"ಸದಾನಂದ ಸರ್ ನೋಡ್ಕೊಳ್ತೇನೆ ಅಂದಿದ್ದಾರೆ," ಎಂದೆ.

"ಬರ್ದು ಕೊಟ್ಟಿದ್ದಾರಾ?"

"ಇಲ್ಲ."

"ಹಾಗಾದ್ರೆ ಖಲಾಸ್," ಎಂದು ಅವರು ಫೈಲು ಮುಚ್ಚಿದರು. ನಂತರ ನನ್ನ ಮುಖ ನೋಡಿ ಪಾಪ ಅನಿಸಿರಬೇಕು, "ಹೋಗಿ, ಒಮ್ಮೆ ಕೇಳಿ ನೋಡಿ," ಎಂದರು.

ಕೇಳಿದೆ. ಸರ್ ಕುರ್ಚಿಗೆ ಒರಗಿ, ತುಂಬ ಪ್ರೀತಿಯಿಂದ, "ನೋಡುವ," ಎಂದರು.

ದಕ್ಷಿಣ ಕನ್ನಡದ ಈ "ನೋಡುವ" ಎಂಬ ಮಾತನ್ನು ಅರಿಯದವರು ಪುಣ್ಯವಂತರು. ಇಲ್ಲ ಅಂದರೆ ಜಗಳ ಮಾಡಬಹುದು, ಆಗಲಿ ಅಂದರೆ ಕೆಲಸ ಮುಗಿಯಿತು. "ನೋಡುವ" ಅಂದವರ ಹತ್ತಿರ ಏನು ಮಾಡುತ್ತೀರಿ? ಥ್ಯಾಂಕ್ಯೂ ಹೇಳಿ ಹೊರಗೆ ಬರಬೇಕು. ನಾನು ನಾಲ್ಕು ವರ್ಷದಲ್ಲಿ ಎಷ್ಟು ಸಲ ಥ್ಯಾಂಕ್ಯೂ ಹೇಳಿ ಹೊರಗೆ ಬಂದೆನೋ ಲೆಕ್ಕವಿಲ್ಲ. ಲೆಕ್ಕದವಳಾಗಿಯೂ ಲೆಕ್ಕವಿಲ್ಲ.

ಮುಸಫ್ಫಾದ ಪಕ್ಕದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಕಂಪನಿಯದೊಂದು ವಿಲ್ಲಾ ಇತ್ತು. ಅದರ ಮೇಲ್ಮಹಡಿಯ ಒಂದು ರೂಮಿನಲ್ಲಿ ನಾವು ಮೂವರು ಹೆಂಗಸರು. ಬೆಳಿಗ್ಗೆ ಕಂಪನಿ ಬಸ್ಸು ಹಿಡಿಯಲು ನಿಂತಿರುವಾಗ ಅಲ್ಲಿಯೇ ಇಂಡಿಯನ್ ಸ್ಕೂಲಿನ ಬಸ್ಸೂ ಬರುತ್ತಿತ್ತು. ಅನುಷಾಳ ವಯಸ್ಸಿನ ಮಕ್ಕಳು ತಮ್ಮೊಳಗೆ ಇಂಗ್ಲಿಷಿನಲ್ಲಿ ಜಗಳವಾಡುತ್ತ ಹತ್ತುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮಕ್ಕಳ ಮೇಲಲ್ಲ, ಬಸ್ಸಿಗೆ ಹತ್ತಿಸಿ ಮನೆಗೆ ಮರಳುವ ಆ ತಾಯಂದಿರ ಮೇಲೆ.

ಕೇಳುವ ಕ್ರಮ ಸರಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾವು ಹಣಕಾಸಿನವರು, ನಮ್ಮ ಭಾಷೆ ಅಂಕಿಯದು. ಎರಡು ವಾರ ಕೂತು ಒಂದು ಎಕ್ಸೆಲ್ ಶೀಟು ಮಾಡಿದೆ. ಕುಟುಂಬ ಬಂದರೆ ಬಾಡಿಗೆ, ಕರೆಂಟು, ಶಾಲೆಯ ಫೀಸು, ಶಾಲೆಯ ಬಸ್ಸು, ಇನ್ಶೂರೆನ್ಸು, ಟಿಕೆಟ್ಟು ಎಲ್ಲಕ್ಕೂ ಪ್ರತ್ಯೇಕ ಕಾಲಂ. ಐದು ವರ್ಷದವರೆಗೆ ಏರಿಕೆಯನ್ನೂ ಸೇರಿಸಿದೆ. ಕೆಳಗೆ ಹಸಿರು ಬಣ್ಣದಲ್ಲಿ ನನ್ನ ಕೋರಿಕೆ. ಸರ್ ಎದುರು ಇಟ್ಟೆ. ಅವರು ಮೌಸು ಹಿಡಿದು ಮೇಲೆ ಕೆಳಗೆ ಓಡಾಡಿ ನಿಜವಾಗಿಯೂ ಖುಷಿಪಟ್ಟರು.

"ಎಂತ ಚೆಂದ ಮಾಡಿದ್ದೀರಿ ಮಾರಾಯ್ರೆ! ಇದನ್ನು ನನಗೆ ಮೇಲ್ ಮಾಡಿ."

ಮೇಲ್ ಮಾಡಿದೆ. ಈ ಸಲ ಆಗುತ್ತದೆ ಎಂದು ಮನೆಗೂ ಫೋನ್ ಮಾಡಿ ಹೇಳಿದೆ. ತಿಂಗಳ ನಂತರ ಬಜೆಟ್ ಮೀಟಿಂಗಿನಲ್ಲಿ ಪರದೆಯ ಮೇಲೆ ನನ್ನದೇ ಶೀಟು ಮೂಡಿತು. ಹಸಿರು ಸಾಲು ಮಾತ್ರ ಇರಲಿಲ್ಲ. ಒಬ್ಬ ನೌಕರರಿಗೆ ಕುಟುಂಬದ ಸೌಲಭ್ಯ ಕೊಟ್ಟರೆ ಕಂಪನಿಗೆ ಎಷ್ಟು ಹೊರೆ ಬೀಳುತ್ತದೆ ಎಂದು ಸರ್ ಅದನ್ನು ತೋರಿಸಿ ನಿರ್ದೇಶಕರಿಗೆ ವಿವರಿಸಿದರು. ಆ ವರ್ಷ ಹೊಸದಾಗಿ ಯಾರಿಗೂ ಫ್ಯಾಮಿಲಿ ಸ್ಟೇಟಸ್ ಇಲ್ಲ ಎಂದು ತೀರ್ಮಾನವಾಯಿತು. ನನ್ನ ಶೀಟಿನ ಅಚ್ಚುಕಟ್ಟುತನವನ್ನು ನಿರ್ದೇಶಕರೂ ಮೆಚ್ಚಿದರು.

ಚಿಕ್ಕವರೇ, ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಿ. ನಿಮಗೆ ಏನು ಬೇಕೆಂದು ಹೇಳಿ. ಅದರಿಂದ ಕಂಪನಿಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ನೀವು ಕೂಡಿಸಿ ಕೊಡಬೇಡಿ. ಅದಕ್ಕೆ ಅವರಲ್ಲಿ ಜನ ಇದ್ದಾರೆ.

ಎರಡು ವರ್ಷದ ಕರಾರು ಮುಗಿಯುತ್ತ ಬಂದಾಗ ಹೊರಗೆ ಕೆಲಸ ಹುಡುಕಿದೆ. ದುಬೈ ಕಡೆಯ ಜೆಬೆಲ್ ಅಲಿಯ ಒಂದು ಗೋದಾಮು ಕಂಪನಿ ಕರೆಯಿತು. ರಜೆ ಹಾಕಿ, ಎರಡು ಬಸ್ಸು, ಒಂದು ಟ್ಯಾಕ್ಸಿ ಹಿಡಿದು ಹೋದೆ. ಸಾಲುಸಾಲು ಗೋದಾಮುಗಳ ನಡುವೆ ಅವರ ಆಫೀಸು ಹುಡುಕುವಷ್ಟರಲ್ಲಿ ಬೆವರಿಗೆ ಸೀರೆಯೆಲ್ಲ ಒದ್ದೆ. ಕೂತ ಕೂಡಲೇ ಕೇಳಿದ ಮೊದಲ ಪ್ರಶ್ನೆ, ಈಗಿನ ಸಂಬಳ ಎಷ್ಟು. ಕೆಲಸದ ಬಗ್ಗೆ ಒಂದು ಮಾತೂ ಇಲ್ಲ. ನಾನು ಸತ್ಯ ಹೇಳಿದೆ. ಅವರು ಅದಕ್ಕೆ ಸ್ವಲ್ಪ ಒಗ್ಗರಣೆ ಹಾಕಿ ಒಂದು ಸಂಖ್ಯೆ ಬರೆದರು. ಒಂದು ಕಡೆ ಕಡಿಮೆಗೆ ಒಪ್ಪಿದರೆ ಆ ಕಡಿಮೆ ನಿಮ್ಮ ಹಿಂದೆಯೇ ಎಲ್ಲ ಕಡೆ ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ಆದರೂ ಆ ಕಂಪನಿ ಫ್ಯಾಮಿಲಿ ಸ್ಟೇಟಸ್ ಕೊಡಲು ಒಪ್ಪಿತು. ಪತ್ರವನ್ನೂ ಕೊಟ್ಟಿತು. ಈ ಸಲ ಓದಿದೆ. ಎಲ್ಲ ಸರಿಯಿತ್ತು. ನಾನು ಅವತ್ತೇ ಸಹಿ ಹಾಕಿದ್ದರೆ ಅನುಷಾ ಆರನೇ ಕ್ಲಾಸಿಗೆ ಅಲ್ಲಿ ಸೇರುತ್ತಿದ್ದಳು.

ಹಾಕಲಿಲ್ಲ. ಸದಾನಂದ ಸರ್‌ಗೆ ಒಂದು ಮಾತು ಹೇಳದೆ ಹೋಗುವುದು ಸರಿಯಲ್ಲ ಎಂದು ಪತ್ರ ಹಿಡಿದುಕೊಂಡು ಅವರ ಚೇಂಬರಿಗೆ ಹೋದೆ. ಅವರು ಓದಿದರು. ಮುಖ ಸಣ್ಣದಾಯಿತು.

"ನಿಮ್ಮ ಮನೆಯಲ್ಲಿ ಉಂಡವ ನಾನು. ನಿಮ್ಮನ್ನು ಇಲ್ಲಿಗೆ ತಂದದ್ದು ನಾನು. ಹೀಗೆ ಮಾಡುದಾ ವಿಜಯಾ? ನಾಳೆ ಮೇಲಿನವರು ನನ್ನ ಹತ್ರ ಎಂತ ಕೇಳ್ತಾರೆ? ನಿನ್ನ ಊರಿನವರೇ ನಿಲ್ಲುದಿಲ್ಲ ಅಂತ ಹೇಳುದಿಲ್ವಾ?" ಪತ್ರ ಮಡಚಿ ನನ್ನ ಕೈಗೇ ಕೊಟ್ಟು, "ಇನ್ನೊಂದು ಕಾಂಟ್ರ್ಯಾಕ್ಟು ಇರಿ. ಅದರೊಳಗೆ ನಾನು ಮಾಡಿಸ್ತೇನೆ."

ಅವರ ಕಣ್ಣು ಒದ್ದೆಯಾದಂತೆ ನನಗೆ ಕಂಡಿತು. ನಿಜವೋ ನನ್ನ ಭ್ರಮೆಯೋ, ದೇವರೇ ಬಲ್ಲ. ನಾನು ಜೆಬೆಲ್ ಅಲಿಯವರಿಗೆ ಬರುವುದಿಲ್ಲ ಎಂದು ತಿಳಿಸಿದೆ. ಇಕ್ಬಾಲ್ ಭಾಯಿಗೆ ಈ ಸುದ್ದಿ ಹೇಳಿದಾಗ ಅವರು ಹಣೆಗೆ ಕೈ ಹೊಡೆದುಕೊಂಡರು.

"ಯಾ ಅಲ್ಲಾ! ಅಕ್ಕಾ, ನಮ್ಮ ಭಟ್ಕಳದಲ್ಲಿ ಅಣ್ಣ ತಮ್ಮ ಒಂದೇ ಅಂಗಡಿಯಲ್ಲಿ ಕೂತ್ರೂ ಮೊದ್ಲು ಮಾತಾಡಿ ಬರ್ದಿಡ್ತಾರೆ. ಆಮೇಲೆ ಪ್ರೀತಿ. ನೀವು ಎಂತದ್ದು, ಮೊದ್ಲೇ ಪ್ರೀತಿ ಮಾಡಿ ಆಮೇಲೆ ಅಳುದು?"

ಊರಿಗೆ ಫೋನ್ ಮಾಡಿದಾಗ ಅತ್ತೆಯೂ ಬಿಡಲಿಲ್ಲ. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರ್ಲಿಕ್ಕೆ ಜಾಗ ಇಲ್ಲ ಅಂತ ಗಾದೆ ಉಂಟು, ಗೊತ್ತುಂಟಲ್ಲ ನಿನಗೆ?" ಎಂದರು. ದೋಸೆ ಹುಯ್ದು ಬಡಿಸಿದವರು ತಾವೇ ಎಂಬುದನ್ನು ಅವರು ಮರೆತಿದ್ದರು. ನಾನೂ ನೆನಪಿಸಲಿಲ್ಲ, ಅಲ್ಲಿಯೂ ದಾಕ್ಷಿಣ್ಯ.

ಪ್ರತಿ ವರ್ಷ ಒಂದು ತಿಂಗಳ ರಜೆಗೆ ಮನೆಗೆ ಹೋಗುತ್ತಿದ್ದೆ. ಮೊದಲ ವರ್ಷ ಅನುಷಾ ದಿನಕ್ಕೆ ಹತ್ತು ಸಲ, "ನಾನು ಯಾವಾಗ ಬರುದು?" ಎನ್ನುತ್ತಿದ್ದಳು. ಎರಡನೇ ವರ್ಷ ಹೊರಡುವ ದಿನ ಮಾತ್ರ ಕೇಳಿದಳು. ಮೂರನೇ ವರ್ಷ ಕೇಳಲಿಲ್ಲ. ಹುಡುಗಿಗೆ ಬುದ್ಧಿ ಬಂತು, ತಾಯಿಯ ಕಷ್ಟ ಅರ್ಥವಾಗುತ್ತಿದೆ ಎಂದು ನಾನು ಸಂತೋಷಪಟ್ಟೆ. ಇಷ್ಟು ದಡ್ಡತನವನ್ನು ದೇವರು ಒಬ್ಬಳಿಗೇ ಕೊಡಬಾರದಿತ್ತು.

ಅಷ್ಟರಲ್ಲಿ ಕಂಪನಿಯ ಕ್ರಮ ಬದಲಾಯಿತು. ಮೊದಲು ಯಾರ ಸಂಬಳ ಎಷ್ಟು ಏರಬೇಕೆಂದು ಸದಾನಂದ ಸರ್ ಹಳದಿ ಚೀಟಿಯಲ್ಲಿ ಬರೆದು ನಿರ್ದೇಶಕರ ಕೈಗೆ ಕೊಡುತ್ತಿದ್ದರು. ಈಗ ಎಚ್.ಆರ್. ಎಂಬ ಹೊಸ ವಿಭಾಗ ಬಂತು, ಸಾಫ್ಟ್‌ವೇರ್ ಬಂತು, ಪ್ರತಿಯೊಬ್ಬರಿಗೂ ಒಂದು ಗ್ರೇಡು ಬಂತು. ಅದರ ಮುಖ್ಯಸ್ಥೆ ಹನಾ ಎಂಬ ಈಜಿಪ್ಟಿನ ಹೆಂಗಸು. ಜೋರು. ಅವಳ ಹತ್ತಿರ ಹೋಗಿ, ನನ್ನ ಗ್ರೇಡಿನ ಗಂಡಸರೆಲ್ಲರಿಗೂ ಕುಟುಂಬದ ಸೌಲಭ್ಯ ಇದೆ, ನನಗೇಕಿಲ್ಲ ಎಂದು ಕೇಳಿದೆ. ಸರ್ ಎದುರು ಬಾರದ ಮಾತು ಊರಿನವಳಲ್ಲದ ಈ ಹೆಂಗಸಿನ ಎದುರು ಸಲೀಸಾಗಿ ಬಂತು.

ಅವಳು ಕಂಪ್ಯೂಟರ್ ನೋಡಿದಳು. "ನೀನೇ ಬೇಡ ಅಂದಿದ್ದೀಯಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನನ್ನ ಸೇರ್ಪಡೆಯ ಫಾರ್ಮು. "ಕುಟುಂಬ ಸ್ವದೇಶದಲ್ಲೇ ಇರುತ್ತದೆ, ನೌಕರರ ಸ್ವಂತ ಇಚ್ಛೆ" ಎಂಬ ಚೌಕದಲ್ಲಿ ಒಂದು ಟಿಕ್. ಪಕ್ಕದಲ್ಲಿ ಸದಾನಂದ ಸರ್ ಕೈಬರಹದ ಚಿಕ್ಕ ಸಹಿ.

ನೇರ ಅವರ ಚೇಂಬರಿಗೆ ಹೋದೆ. ಬಾಗಿಲು ತಟ್ಟಲಿಲ್ಲ.

"ಸರ್, ಆ ಟಿಕ್ ನೀವು ಹಾಕಿದ್ದಾ?"

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, ಸ್ವಲ್ಪವೂ ಅಳುಕಿಲ್ಲದೆ, "ಹೌದು. ಹಾಕದಿದ್ರೆ ನಿಮ್ಮ ಆಫರ್ ಪಾಸೇ ಆಗ್ತಿರ್ಲಿಲ್ಲ. ಹೆಂಗಸು, ಮೇಲಿಂದ ಫ್ಯಾಮಿಲಿ ಅಂದ್ರೆ ಅವರು ಗಂಡಸನ್ನೇ ತಗೊಳ್ತಿದ್ರು. ನಿಮ್ಮ ಮನೆಗೆ ಬಂದಾಗ ನಾನೇ ಕಂಡೆನಲ್ಲ, ಅತ್ತೆ ಗಟ್ಟಿ ಇದ್ದಾರೆ, ಗಂಡ ಒಳ್ಳೆಯವ. ಮಗುವಿಗೆ ಎಂತ ಕಮ್ಮಿ ಉಂಟು? ನಿಮಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು ಮಾರಾಯ್ರೆ," ಎಂದರು.

"ನನ್ನನ್ನು ಒಂದು ಮಾತು ಕೇಳ್ಬಹುದಿತ್ತಲ್ಲ?"

"ಕೇಳಿದೆನಲ್ಲ. ಹೆಚ್ಚುಕಮ್ಮಿ ಇದ್ರೆ ಹೇಳಿ ಅಂದೆ. ನೀವು ಹೇಳಿದ ಹಾಗೆ ಸರ್ ಅಂತ ನೀವೇ ಅಂದ್ರಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಈ ಮನುಷ್ಯ ನನಗೆ ಜ್ವರ ಬಂದಾಗ ತಮ್ಮ ಮನೆಯಿಂದ ಗಂಜಿ ಕಳಿಸಿದವರು. ಒಳ್ಳೆಯ ಮನಸ್ಸಿನಿಂದಲೇ ನನ್ನ ಮಗಳ ಬಾಲ್ಯವನ್ನು ಒಂದು ಟಿಕ್ಕಿನಲ್ಲಿ ಮುಗಿಸಿದ್ದರು. ಹೊರಗೆ ಬಂದು ಬಾತ್‌ರೂಮಿನಲ್ಲಿ ನಿಂತು ಅತ್ತುಬಿಟ್ಟೆ. ಅಳು ದುಃಖದ್ದಲ್ಲ, ಸಿಟ್ಟಿನದು.

ಎರಡನೇ ಕರಾರು ಮುಗಿಯಲು ಒಂದು ತಿಂಗಳಿತ್ತು. ಇಕ್ಬಾಲ್ ಭಾಯ್ ನನ್ನನ್ನು ಪ್ಯಾಂಟ್ರಿಗೆ ಕರೆದು, ಸುಲೈಮಾನಿ ಚಹಾ ಕೈಗಿಟ್ಟು ಪಾಠ ಹೇಳಿದರು.

"ಅಕ್ಕಾ, ನಿಮ್ಮದು ಒಂದೇ ತಪ್ಪು. ಕೇಳಿದ ಕೂಡ್ಲೆ ಹೆದ್ರಿ ನೀವೇ ಮಾತಾಡ್ಲಿಕ್ಕೆ ಶುರು ಮಾಡ್ತೀರಿ. ಆಗದಿದ್ರೂ ಪರವಾಗಿಲ್ಲ ಸರ್, ಮತ್ತೆ ನೋಡುವ ಸರ್ ಅಂತ. ಈ ಸಲ ಒಂದು ಮಾತು ಹೇಳಿ. ಮತ್ತೆ ಬಾಯಿ ಮುಚ್ಚಿ ಕೂತ್ಕೊಳ್ಳಿ. ಅವರೇ ಮಾತಾಡ್ಲಿ."

ಮುಂದಿನ ವಾರ ಆಡಿಟರುಗಳು ಬರುವವರಿದ್ದರು. ವರ್ಷದ ಲೆಕ್ಕವೆಲ್ಲ ನನ್ನ ಕೈಯಲ್ಲಿತ್ತು. ಹೊಸ ಕರಾರಿಗೆ ಸಹಿ ಹಾಕಲು ಸರ್ ಕರೆದಾಗ ನಾನು ಪೆನ್ನು ಮುಟ್ಟಲಿಲ್ಲ.

"ಫ್ಯಾಮಿಲಿ ಸ್ಟೇಟಸ್, ಮಗಳ ಸ್ಕೂಲ್ ಫೀಸ್, ಬೇಸಿಕ್ ಒಟ್ಟಿನ ಅರ್ಧ. ಇಲ್ಲದಿದ್ರೆ ನಾನು ಸಹಿ ಹಾಕುದಿಲ್ಲ ಸರ್."

"ನೋಡುವ," ಎಂದರು.

"ನೋಡಿ ಸರ್," ಎಂದು ಕುರ್ಚಿಯಲ್ಲಿ ಕೂತೇ ಇದ್ದೆ.

ಏಸಿಯ ಸದ್ದು ಮಾತ್ರ. ನನ್ನ ನಾಲಿಗೆಯ ತುದಿಯಲ್ಲಿ "ಪರವಾಗಿಲ್ಲ ಸರ್" ಎಂಬುದು ಎರಡು ಸಲ ಬಂತು, ನುಂಗಿದೆ. ಅವರು ಫೈಲು ಸರಿಸಿದರು, ನೀರು ಕುಡಿದರು, ನನ್ನತ್ತೆಯ ಆರೋಗ್ಯ ವಿಚಾರಿಸಿದರು. ನಾನು ಸುಮ್ಮನೆ ತಲೆಯಾಡಿಸಿದೆ. ಕೊನೆಗೆ ಅವರೇ ಫೋನೆತ್ತಿ ನಿರ್ದೇಶಕರ ಜೊತೆ ಮಾತಾಡಿದರು. ಆಡಿಟ್ ಎಂಬ ಪದ ಮೂರು ಸಲ ಕೇಳಿಸಿತು. ನಾಲ್ಕು ವರ್ಷ ಆಗದ ಕೆಲಸ ಇಪ್ಪತ್ತು ನಿಮಿಷದಲ್ಲಿ ಆಯಿತು. ನನಗೆ ಸಂತೋಷಕ್ಕಿಂತ ಮೈ ಉರಿದದ್ದೇ ಹೆಚ್ಚು.

ಎರಡು ದಿನದಲ್ಲಿ ಪತ್ರ ಬಂತು. ಅವರ ಎದುರೇ ಕೂತು ಬೆರಳಿಟ್ಟು ಓದಿದೆ. ಶಾಲೆಯ ಫೀಸು "ಕಂಪನಿಯ ವಿವೇಚನೆಗೆ ಒಳಪಟ್ಟು" ಎಂದಿತ್ತು, ವಾಪಸು ಕಳಿಸಿದೆ. ಟಿಕೆಟ್ಟಿನ ಸಾಲಿನಲ್ಲಿ ಎಷ್ಟು ಜನಕ್ಕೆ ಎಂದಿರಲಿಲ್ಲ, ಮತ್ತೆ ಕಳಿಸಿದೆ. ಮೂರನೇ ಸಲ ಸರಿಯಾಗಿ ಬಂತು. ಸಹಿ ಹಾಕಿ, ನೇರ ಹೋಗಿ ಶಾಲೆಗೆ ಹತ್ತಿರವಾದ ಎರಡು ರೂಮಿನ ಫ್ಲ್ಯಾಟು ನೋಡಿ ಬಂದೆ. ಎಂಟನೇ ಕ್ಲಾಸಿಗೆ ಸೀಟು ಇದೆಯೆಂದು ಶಾಲೆಯವರೂ ಹೇಳಿದರು.

ಆ ಸಂಜೆ ಮನೆಗೆ ಫೋನ್ ಮಾಡಿ ಅನುಷಾಳನ್ನು ಕರೆಸಿದೆ. ಮನೆ, ಶಾಲೆ, ಅವಳಿಗೇ ಒಂದು ರೂಮು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಓಕೆ ಅಮ್ಮ," ಎಂದಳು.

"ಖುಷಿ ಆಯ್ತಾ?"

"ಹೂಂ. ನೀನು ಹೇಳಿದ ಹಾಗೆ."

ಆ ದನಿ ನನಗೆ ಚೆನ್ನಾಗಿ ಗೊತ್ತಿದ್ದ ದನಿ. ಹಾಗೆ ಹೇಳುವಾಗ ಒಳಗೆ ಏನಿರುತ್ತದೆ ಎಂಬುದೂ ಗೊತ್ತಿತ್ತು. ಅಲ್ಲಿಗೇ ಫೋನಿಟ್ಟುಬಿಡಬಹುದಿತ್ತು. ಅವಳು ಬರುತ್ತಿದ್ದಳು, ಸುಮ್ಮನೆ ವಿಮಾನ ಹತ್ತಿ, ಸುಮ್ಮನೆ ಆ ಶಾಲೆಯ ಬಸ್ಸು ಹತ್ತುತ್ತಿದ್ದಳು. ಇಟ್ಟುಬಿಡೋಣ ಎಂದು ನನಗೆ ಅನಿಸಿದ್ದೂ ನಿಜ. ನಾಲ್ಕು ವರ್ಷ ನಾಯಿಯ ಹಾಗೆ ಅಲೆದಿದ್ದೆ.

"ಅನು, ಅಮ್ಮನಿಗೆ ಬೇಜಾರಾಗ್ತದೆ ಅಂತ ನೋಡ್ಬೇಡ. ನಿನಗೆ ಎಂತ ಬೇಕು? ಬಾಯಿ ಬಿಟ್ಟು ಹೇಳು."

ತುಂಬ ಹೊತ್ತು ಅವಳು ಮಾತಾಡಲಿಲ್ಲ. ನಾನೂ ಮಾತಾಡದೆ ಕಾದೆ.

"ಐ ಡೋಂಟ್ ವಾಂಟ್ ಟು ಕಮ್, ಅಮ್ಮ," ಎಂದಳು. "ನಾನು ಥ್ರೋಬಾಲ್ ಟೀಮಿಗೆ ಸೆಲೆಕ್ಟ್ ಆಗಿದ್ದೇನೆ. ಫ್ರೆಂಡ್ಸ್ ಎಲ್ಲ ಇಲ್ಲೇ ಇದ್ದಾರೆ. ಫೋರ್ತ್‌ನಲ್ಲಿ ಕರೆದಿದ್ರೆ ಓಡಿ ಬರ್ತಿದ್ದೆ. ಈಗ ಬೇಡ."

ನನಗೆ ಅವಳ ಮೇಲೆ ಸಿಟ್ಟು ಬಂತು. ಸತೀಶರ ಮೇಲೆ ಬಂತು, ಸದಾನಂದ ಸರ್ ಮೇಲೆ ಬಂತು. ಎಲ್ಲ ಸಿಟ್ಟು ಸುತ್ತಿ ಬಂದು ನನ್ನ ಮೇಲೆಯೇ ಕೂತಿತು. "ಆಯ್ತು ಮಗಾ," ಎಂದೆ.

ಮರುದಿನ ಇಕ್ಬಾಲ್ ಭಾಯ್ ಅರ್ಜಿಗಳನ್ನು ತುಂಬಿಸಿಟ್ಟುಕೊಂಡು ಕಾಯುತ್ತಿದ್ದರು. "ಯಲ್ಲಾ ಅಕ್ಕಾ, ಮಗಳ ಫೋಟೋ ಕೊಡಿ," ಎಂದು ಕೈ ಚಾಚಿದರು.

"ಬೇಡ ಭಾಯ್. ಅವಳು ಬರುದಿಲ್ಲ."

"ಯಾಕೆ? ಕಂಪನಿ ಪುನಃ ಎಂತಾದ್ರೂ ತಕರಾರು ಮಾಡಿತಾ?"

"ಇಲ್ಲ," ಎಂದೆ. "ನಿನ್ನೆ ಅವಳನ್ನೇ ಕೇಳಿದೆ."